ಬೆಲ್ಟಿಗೆ ಹೊಡೆಸಿದ ನಾಲ್ಕು ತೂತು

ಬೆಲ್ಟಿಗೆ ಕೊಟ್ಟದ್ದು ಮೂರು ರೂಪಾಯಿ ಹನ್ನೆರಡು ಆಣೆ. ಮಾರುವವನು ಐದೂವರೆ ಹೇಳಿದ್ದ. ಸವಣೂರಿನ ಸಂತೆಯಲ್ಲಿ ಆಗ ಒಂದು ಸೊಂಟಪಟ್ಟಿಗೆ ಎರಡು ರೂಪಾಯಿಗಿಂತ ಹೆಚ್ಚು ಕೊಡುವವರು ಹುಚ್ಚರು. ಆದರೆ ಇದು ಸೀಳಿ ಅಂಟಿಸಿದ ತೊಗಲಲ್ಲ, ಒಂದೇ ಪದರದ ದಪ್ಪ ತೊಗಲು. ಮಡಚಿ ನೋಡಿದೆ, ಬಿರುಕು ಕಾಣಲಿಲ್ಲ. ಬಕ್ಕಲನ್ನು ಉಗುರಿನಿಂದ ಕೆರೆದೆ, ಬಣ್ಣ ಏಳಲಿಲ್ಲ, ಅಂದರೆ ಹಿತ್ತಾಳೆ. ಆಗ ನನಗೆ ಹನ್ನೊಂದು ವರ್ಷ. ಪಕ್ಕದಲ್ಲಿ ನಿಂತಿದ್ದ ಅಣ್ಣನ ಕಣ್ಣು ಆ ಬೆಲ್ಟಿಗೆ ಅಂಟಿಕೊಂಡಿತ್ತು. ಮಾರುವವನಿಗೆ ಅದು ಕಾಣದಿರಲೆಂದು ಅಣ್ಣನ ಕೈ ಹಿಡಿದು ಎಳೆದುಕೊಂಡು ನಾಲ್ಕು ಹೆಜ್ಜೆ ನಡೆದೆ. ಐದನೆಯ ಹೆಜ್ಜೆಗೆ ಕರೆದ. ಕೊಳ್ಳುವಾಗ ಕಾಲು ಕಿತ್ತು ಹೊರಡುವುದಕ್ಕೆ ಬರಬೇಕು. ಬಾಯಿಗಿಂತ ಕಾಲು ಹೆಚ್ಚು ಬೆಲೆ ಇಳಿಸುತ್ತದೆ. ಇದು ಬೆಲ್ಟಿನ ಲೆಕ್ಕ. ಅದಕ್ಕೆ ಆಮೇಲೆ ತೂತು ಹೊಡೆಸಿದ್ದಕ್ಕೆ ಬೇರೆ ಕೊಟ್ಟೆ: ಮೊದಲನೆಯದಕ್ಕೆ ಒಂದಾಣೆ, ಮುಂದಿನ ಮೂರಕ್ಕೆ ಸೇರಿಸಿ ಎರಡಾಣೆ. ನಾನು ಬದುಕಿನಲ್ಲಿ ಮಾಡಿದ ಚೌಕಾಸಿಗಳನ್ನು ಎಲ್ಲರ ಮುಂದೆಯೂ ಕೊಚ್ಚಿಕೊಂಡಿದ್ದೇನೆ. ಆ ಎರಡಾಣೆಯದನ್ನು ಮಾತ್ರ ಇಲ್ಲಿಯವರೆಗೆ ಮನೆಯ ಹೊರಗೆ ಯಾರಿಗೂ ಹೇಳಿಲ್ಲ.

ಹಾನಗಲ್ಲಿನಲ್ಲಿ ನನ್ನದು ಸಿದ್ಧ ಉಡುಪಿನ ಅಂಗಡಿ. ಹಂಸಭಾವಿ, ಹಿರೇಕೆರೂರು ಸಂತೆಗಳಲ್ಲಿ ಗೋಣಿ ಹಾಸಿ, ತುಂಡು ಬಟ್ಟೆಯಿಂದ ಹೊಲಿದ ಮಕ್ಕಳ ಚಡ್ಡಿ ಮಾರಿ ಶುರುಮಾಡಿದ್ದು. ಈಗ ಗಂಡಸರ ಪ್ಯಾಂಟುಗಳಿಗೇ ಒಂದು ಗೋಡೆ ಇದೆ. ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ, "ಅವ್ವಾರ, ಈ ಪ್ಯಾಂಟಿಗೆ ಬೆಲ್ಟು ಬೇಕಾಗತೈತೇನ್ರಿ?" ಬೇಕು ಅಂದರೆ ಬೆಲ್ಟೂ ಮಾರಾಟವಾಗುತ್ತದೆ. ನಾನು ಬೇಡ ಅನ್ನುತ್ತೇನೆ. ಅಂಗಡಿಯ ಹುಡುಗಿಯರಿಗೆ ಇದು ಅರ್ಥವಾಗುವುದಿಲ್ಲ. ಒಂದು ಪೈಸೆ ಬಿಡದ ಗಂಗವ್ವ, ಕೈಗೆ ಬಂದ ವ್ಯಾಪಾರ ಯಾಕೆ ಬಿಡುತ್ತಾಳೆ ಎಂದು ತಮ್ಮತಮ್ಮಲ್ಲೇ ನಗುತ್ತಾರೆ.

ಸವಣೂರಿನ ನಮ್ಮ ಮನೆಗೆ ನಾಲ್ಕೇ ಭಾಗ. ಮುಂದೆ ಕಟ್ಟೆ, ದಾಟಿದರೆ ಪಡಸಾಲೆ, ಪಡಸಾಲೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ಎಲೆ ಕೋಣೆ. ಅಪ್ಪನದು ವೀಳ್ಯದೆಲೆಯ ವ್ಯಾಪಾರ. ತೋಟದಿಂದ ಬಂದ ಎಲೆಯನ್ನು ಆ ಕೋಣೆಯಲ್ಲಿ ಒದ್ದೆ ಗೋಣಿಯ ಕೆಳಗೆ ಇಡುತ್ತಿದ್ದರು. ಬೇಸಿಗೆಯಲ್ಲೂ ಅಲ್ಲಿ ತಂಪು. ಕಾಲಿಟ್ಟರೆ ಹಸಿ ಖಾರದ ವಾಸನೆ ಮೂಗಿಗೆ ಏರುತ್ತಿತ್ತು. ಸಂಜೆ ನಾವೆಲ್ಲ ಸುತ್ತ ಕೂತು ಕೊಳೆತ ಎಲೆ ಆರಿಸಬೇಕು. ಒಂದು ಕೊಳೆತ ಎಲೆ ಉಳಿದರೆ ಬೆಳಗಾಗುವುದರಲ್ಲಿ ಕಟ್ಟೆಲ್ಲ ಹೋಗುತ್ತದೆ. ಅಪ್ಪ ಎಲೆಗಳನ್ನು ಒಂದೊಂದಾಗಿ ನೋಡುತ್ತಲೇ ಇರಲಿಲ್ಲ. ನೂರೆಲೆಯ ಕಟ್ಟನ್ನು ಅಂಗೈಯಲ್ಲಿ ಹಿಡಿದು, "ಇದ್ರಾಗ ಎರಡು ಕಮ್ಮಿ ಅದಾವ" ಅನ್ನುತ್ತಿದ್ದ. ಬಿಚ್ಚಿ ಎಣಿಸಿದರೆ ತೊಂಬತ್ತೆಂಟೇ ಇರುತ್ತಿದ್ದವು. ಅಂಥ ಕೈ. ನಾನು ಪೇಟೆಯಿಂದ ಏನೇ ತಂದರೂ ಅಪ್ಪ ಮೊದಲು ಕೇಳುತ್ತಿದ್ದದ್ದು, "ಎಷ್ಟಕ್ಕ ತಂದಿ?" ಹೇಳಿದ ಬೆಲೆ ಮನಸ್ಸಿಗೆ ಬಂದರೆ, "ಚಲೋ ಮಾಡೀದಿ." ಆ ಎರಡು ಶಬ್ದಕ್ಕಾಗಿ ನಾನು ಉಪ್ಪು ಮಾರುವವಳ ಜೊತೆ ಅರ್ಧ ತಾಸು ಗುದ್ದಾಡಿ ಬರುತ್ತಿದ್ದೆ.

ಅಣ್ಣ ಬಸವಣ್ಣೆಪ್ಪ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಮನೆಯಲ್ಲಿ ಬಸೂ. ನಮ್ಮಿಬ್ಬರ ನಡುವೆ ಹುಟ್ಟಿದವು ಉಳಿದಿರಲಿಲ್ಲ. ಮ್ಯಾಟ್ರಿಕ್ ಆದ ಮೇಲೆ ನಾಲ್ಕು ವರ್ಷ ಅಪ್ಪನ ಜೊತೆ ಎಲೆ ಕಟ್ಟುತ್ತಿದ್ದವನಿಗೆ ಶಿಗ್ಗಾವಿಯ ಒಂದು ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಅಪ್ಪನಿಗೆ ಬೇಡವಾಗಿತ್ತು. "ಮಂದಿ ಕೈಯಾಗ ಯಾಕ ದುಡೀತಿ, ಮನ್ಯಾಗ ದುಡಿಯಾಕ ಬರ್ತೈತಿ" ಅನ್ನುವುದು ಅವನ ಮಾತು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ದಿನಾ ಬಸ್ಸಿಗೆ ಹೋಗಿ ಬರಬೇಕು, ಮೈಗೆ ಒಗ್ಗಲಿಲ್ಲ ಎಂದು ಕಂಡ ದಿನ ಬಿಟ್ಟು ಎಲೆ ಕೋಣೆಗೆ ಬರಬೇಕು. ಈ ಷರತ್ತನ್ನು ನೆನಪಿಟ್ಟುಕೊಳ್ಳಿ. ಅಣ್ಣ ಅದನ್ನು ಒಂದು ದಿನವೂ ಮರೆಯಲಿಲ್ಲ.

ಕಚೇರಿಗೆ ಧೋತರ ನಡೆಯುತ್ತಿತ್ತು, ಆದರೆ ಹೊಸ ಹುಡುಗರೆಲ್ಲ ಪ್ಯಾಂಟು. ಹೊಲಿಸಲು ಖಾದರ್‌ಸಾಬರ ಹತ್ತಿರ ಹೋದೆವು. ಸವಣೂರಿನಲ್ಲಿ ಪ್ಯಾಂಟೆಂದರೆ ಅವರದೇ. ಅವರು ಅಳತೆ ತೆಗೆದು ಕೆಂಪು ರಟ್ಟಿನ ವಹಿಯಲ್ಲಿ ಬರೆದುಕೊಂಡರು, ಸೊಂಟ ಮೂವತ್ತು. ಅಣ್ಣ ಮೆಲ್ಲಗೆ ಅಂದ:

"ಸಾಬ್ರ, ಪಟ್ಟಾ ಹಾಕಾಕ ಕುಣಿಕಿ ಇಡ್ರಿ."

"ಕುಣಿಕಿ ಯಾಕ? ನನ್ನ ಟೇಪಿನ ಮ್ಯಾಲೆ ಭರೋಸಾ ಇಲ್ಲೇನು?"

"ಭರೋಸಾ ಐತ್ರಿ. ಕಚೇರ್ಯಾಗ ಎಲ್ಲಾರೂ ಪಟ್ಟಾ ಕಟ್ತಾರ."

"ಎಲ್ಲಾರ ಪ್ಯಾಂಟು ಖಾದರ್‌ಸಾಬ ಹೊಲದಿಲ್ಲಲ್ಲೋ! ನಾ ಹೊಲದ ಪ್ಯಾಂಟು ಮನುಷ್ಯಾನ ಸೊಂಟಾ ಹಿಡಕೊಂಡು ತಾನ ನಿಲ್ತದ. ಪಟ್ಟಾ ಬೇಕಾಗೋದು ಪೊಲೀಸಗ ಮತ್ತ ಹೋರಿಗೆ. ನೀ ಯಾರು, ಹೇಳು."

ಅಣ್ಣ ನಕ್ಕು ತಲೆ ಕೆಳಗೆ ಹಾಕಿದ. ಸಾಬರು ಗೊಣಗುತ್ತಲೇ ಏಳು ಕುಣಿಕೆ ಇಟ್ಟು ಹೊಲಿದರು. "ಪ್ಯಾಂಟು ಸಡಲ ಆತು ಅಂದ್ರ ನನ್ನ ಹತ್ರ ಬಾ, ಪಟ್ಟಾ ಬಿಗೀಬ್ಯಾಡ" ಎಂದು ಕೊಡುವಾಗ ಹೇಳಿದರು. ಆ ಮಾತೂ ನಮಗೆ ದರ್ಜಿಯ ಜಂಬದ ಹಾಗೆ ಕೇಳಿಸಿತು. ಮುಂದಿನ ಸಂತೆಗೇ ಬೆಲ್ಟು ಕೊಂಡೆವು. ದೀಪಾವಳಿಗೆ ಇನ್ನೂ ಎಂಟು ದಿನ ಇತ್ತು.

ಬೆಲ್ಟು ಮನೆ ಹೊಕ್ಕ ದಿನವೇ ಜಗಳ. ಹೊಕ್ಕಿತು ಅನ್ನುವುದೂ ತಪ್ಪು, ಹೊಸ್ತಿಲಲ್ಲೇ ಅಪ್ಪ ತಡೆದ. ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ. ಪಡಸಾಲೆಯ ಗೋಡೆಯ ಗೂಡಿನಲ್ಲೇ ದೇವರು. ತೊಗಲಿನ ವಸ್ತು ಹೊಸ್ತಿಲು ದಾಟುವಂತಿರಲಿಲ್ಲ.

"ತೊಗಲೇನದು?"

"ಹೂಂ ಅಪ್ಪಾ."

"ಹಂಗಾರ ಅದು ಮೆಟ್ಟಿನ ಬಳಗ. ಮೆಟ್ಟು ಎಲ್ಲಿರ್ತಾವೋ ಅಲ್ಲೇ ಇರ್ಲಿ."

"ಇಲ್ಲೇ ಬಿಚ್ಚಿದ್ರ ಪ್ಯಾಂಟು ಜಾರ್ತೈತಪ್ಪಾ."

"ಯಾಕ, ಸಾಬನ ಪ್ಯಾಂಟು ತಾನ ನಿಲ್ತೈತಂತಲ್ಲ? ನಿಲ್ಲದಿದ್ರ ಕೈಲೆ ಹಿಡಕೊಂಡು ಬಾ. ಒಳಗ ಧೋತರ ಐತಿ."

ಅಪ್ಪ ಕಟ್ಟೆಯ ಗೋಡೆಗೆ, ಚಪ್ಪಲಿ ಬಿಡುವ ಜಾಗದ ಮೇಲೆ, ಒಂದು ಮರದ ಗೂಟ ಹೊಡೆದು ಕೊಟ್ಟ. ಅಂದಿನಿಂದ ಬೆಲ್ಟು ಹೊರಗೆ ಗೂಟದ ಮೇಲೆ, ಅಣ್ಣ ಒಳಗೆ ಧೋತರದಲ್ಲಿ. ಧೋತರ ಎಂಥ ಉಡುಗೆ ಅಂದರೆ, ಅದು ಯಾರ ಸೊಂಟವನ್ನೂ ಬಿಟ್ಟುಕೊಡುವುದಿಲ್ಲ. ದಪ್ಪಗಿದ್ದವನಿಗೂ ಅಷ್ಟೇ ಗಂಟು, ತೆಳ್ಳಗಾದವನಿಗೆ ಎರಡು ನಿರಿಗೆ ಹೆಚ್ಚು.

ಮೊದಮೊದಲು ಸಾಬರ ಮಾತು ನಿಜವಾಗಿತ್ತು. ಅಣ್ಣ ಸಂಜೆ ಬಂದು, ಕಟ್ಟೆಯ ಮೇಲೆ ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕಿ, ಊಟದ ಡಬ್ಬಿ ಹಿಡಿದು ನೆಟ್ಟಗೆ ಒಳಗೆ ನಡೆದು ಬರುತ್ತಿದ್ದ. ಪ್ಯಾಂಟು ತಾನೇ ನಿಲ್ಲುತ್ತಿತ್ತು. ಎರಡು ತಿಂಗಳು ಕಳೆದು ಎಳ್ಳಮಾಸಿಯ ಹೊತ್ತಿಗೆ ಎಡಗೈಯಿಂದ ಸೊಂಟದ ಹತ್ತಿರ ಹಿಡಿದುಕೊಳ್ಳತೊಡಗಿದ. ಆಮೇಲೆ ಎರಡೂ ಕೈ ಬೇಕಾಯಿತು. ಡಬ್ಬಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು, "ಏ ಗಂಗೀ, ಡಬ್ಬಿ ತಗೋ" ಎಂದು ಕೂಗಿ, ಪ್ಯಾಂಟಿನ ಎರಡೂ ಬದಿ ಮುಷ್ಟಿಯಲ್ಲಿ ಹಿಡಿದು ಪಡಸಾಲೆಯಲ್ಲಿ ಹಾರಿ ಓಡಿ ಕತ್ತಲೆ ಮೂಲೆಗೆ ಹೋಗಿ ಧೋತರ ಸುತ್ತಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು. ಅವ್ವ ಒಲೆಯ ಮುಂದಿನಿಂದ ಇಣುಕಿ ನೋಡಿ, ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಪ್ಪ ಕೂಡ, "ಬಂತ್ ನೋಡು ನಿನ್ನ ನೌಕರಿ, ಎರಡೂ ಕೈಲೆ ಹಿಡಕೊಂಡು" ಎಂದು ನಗುತ್ತಿದ್ದ. ಅಣ್ಣನೂ ನಗುತ್ತಿದ್ದ. ನಮ್ಮ ಮನೆಯಲ್ಲಿ ಇಷ್ಟು ನಗು ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಇರಲಿಲ್ಲ. ಪ್ಯಾಂಟು ಜಾರುತ್ತಿದೆ ಎಂದು ಮೂರು ಜನ ಆರು ತಿಂಗಳು ನೋಡಿದೆವು, ಮನುಷ್ಯ ಇಳಿಯುತ್ತಿದ್ದಾನೆ ಎಂದು ಒಬ್ಬರೂ ನೋಡಲಿಲ್ಲ.

ಯಾಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ಅವನು ಉಣ್ಣುತ್ತಿದ್ದ, ಅದಕ್ಕೆ. ಮೊದಲು ಮೂರು ರೊಟ್ಟಿಗೆ ಕೈ ತೊಳೆಯುತ್ತಿದ್ದವನು ಆ ಚಳಿಗಾಲದಲ್ಲಿ ಐದು ಬೇಡತೊಡಗಿದ. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಏನು ಹಾಕಿದರೂ ತಾಟು ಒರೆಸಿದ ಹಾಗೆ ಖಾಲಿ. ಅವ್ವನ ಸಂತೋಷಕ್ಕೆ ಪಾರವಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ಹೆಂಗಸು. ಉಳಿದ ಮಗ ಇನ್ನೊಂದು ರೊಟ್ಟಿ ಹಾಕು ಅನ್ನುವುದೇ ಅವಳಿಗೆ ಹಬ್ಬ. ನಮ್ಮ ಕಡೆ ಒಂದು ನೇಮ ಇದೆ: ಉಣ್ಣುವವರ ರೊಟ್ಟಿ ಎಣಿಸಬಾರದು, ಎಣಿಸಿದರೆ ದೃಷ್ಟಿಯಾಗುತ್ತದೆ. ನಾನು ಒಮ್ಮೆ "ಅಣ್ಣಂದು ಆರನೇದು" ಎಂದು ಬಾಯಿ ಬಿಟ್ಟಿದ್ದಕ್ಕೆ ಅವ್ವ ಲಟ್ಟಣಿಗೆ ತೋರಿಸಿದಳು.

"ಉಣ್ಣೋರ ತಾಟು ನೋಡ್ತೀಯಾ, ಕಣ್ಣಿಗಿ ಮಣ್ಣ ಬೀಳ್ಲಿ ನಿಂದು!"

ಅವತ್ತು ಊಟವಾದ ಮೇಲೆ ಉಪ್ಪು, ಮೆಣಸಿನಕಾಯಿ ಅಣ್ಣನ ಮುಖಕ್ಕೆ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟು ಬರಲಿಲ್ಲ. "ನೋಡು, ಎಷ್ಟು ದೃಷ್ಟಿ ಆಗಿತ್ತು" ಅಂದಳು. ಅಂದಿನಿಂದ ಯಾರೂ ಎಣಿಸಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ವಾರಕ್ಕೆ ಬರುವುದು ಐದು ದಿನಕ್ಕೆ ಮುಗಿಯುತ್ತಿತ್ತು, ಅವ್ವ ಸುಮ್ಮನೆ ಮತ್ತೆ ಬೀಸಲು ಕಳಿಸುತ್ತಿದ್ದಳು. ನೀರಿನದೂ ಹಾಗೆಯೇ. ಅಣ್ಣನ ತಾಟಿನ ಪಕ್ಕ ಒಂದು ತಂಬಿಗೆ ಸಾಲದೆ ಕೊಡ ಇಡುವ ಹಾಗಾಯಿತು. ಸವಣೂರಿನ ಖಾರ ತಿಂದರೆ ನೀರಡಿಕೆ ಆಗದೆ ಇರುತ್ತದೆಯೇ, ಅದೂ ಬಸ್ಸಿನ ಧೂಳು, ಎಂದುಕೊಂಡೆವು. ಹಿತ್ತಲ ಬಚ್ಚಲ ಬದಿಯಲ್ಲಿ ಇರುವೆ ಸಾಲು ಹಿಡಿದಾಗ ಅವ್ವ ಪಕ್ಕದ ಮನೆಯವರು ಬೆಲ್ಲದ ನೀರು ಚೆಲ್ಲಿದ್ದಾರೆ ಎಂದು ಜಗಳಕ್ಕೂ ಹೋದಳು.

ಮೊದಲ ತೂತು ಹೊಡೆಸಿದ್ದು ಎಳ್ಳಮಾಸಿ ಕಳೆದ ಮೇಲೆ. ಬೆಲ್ಟಿಗೆ ಹುಟ್ಟಾ ಐದು ತೂತು. ಅಣ್ಣ ಕೊಂಡಾಗ ಮೂರನೆಯದಕ್ಕೆ ಕಟ್ಟುತ್ತಿದ್ದ. ಐದನೆಯದೂ ಸಡಿಲವಾದ ದಿನ ನನ್ನನ್ನು ಕಟ್ಟೆಗೆ ಕರೆದು ಒಂದಾಣೆ ಕೈಗಿಟ್ಟ.

"ಯಲ್ಲಪ್ಪ ಕಾಕಾನ ಹತ್ರ ಹೋಗಿ ಇಲ್ಲೊಂದು ತೂತು ಹೊಡಸ್ಕೊಂಡು ಬಾ. ಅವ್ವಗ ಅಪ್ಪಗ ಹೇಳಬ್ಯಾಡ."

"ಯಾಕಣ್ಣ?"

"ಸೊರಗಾಕತ್ತೇನಿ ಅಂತ ನೌಕರಿ ಬಿಡಸ್ತಾರ. ನೀ ಜಾಣಿ ಅದಿ, ಮುಚ್ಕೊಂಡಿರು."

ಜಾಣೆ ಅನ್ನಿಸಿಕೊಂಡರೆ ನಾನು ಏನಾದರೂ ಮಾಡುವವಳು. ಯಲ್ಲಪ್ಪ ಕಾಕಾ ಪೇಟೆಯ ಬೇವಿನ ಗಿಡದ ಕೆಳಗೆ ಕೂತು ಚಪ್ಪಲಿ ಹೊಲಿಯುತ್ತಿದ್ದ. ಕಟ್ಟಿಗೆಯ ತುಂಡಿನ ಮೇಲೆ ಬೆಲ್ಟಿಟ್ಟು ಉಳಿಗೆ ಒಂದೇ ಏಟು ಹಾಕಿದ, ಕಪ್ಪು ಚುಕ್ಕೆಯಂಥ ತೊಗಲಿನ ಬಿಲ್ಲೆ ಕೆಳಗೆ ಬಿತ್ತು. ಅದನ್ನು ನಾನು ಆಟಕ್ಕೆಂದು ಎತ್ತಿಕೊಂಡು ಬಂದೆ.

ಹೋಳಿ ಹತ್ತಿರ ಬಂದಾಗ ಅಣ್ಣ ಮತ್ತೆ ಒಂದಾಣೆ ಕೊಟ್ಟ. ಅಷ್ಟರಲ್ಲಿ ಅವನು ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವುದನ್ನು ಬಿಟ್ಟು ಮೇಲೆ ಇಳಿಬಿಡುತ್ತಿದ್ದ. ಕೆಳಗೆ ಪ್ಯಾಂಟು ಚೀಲದ ಬಾಯಿ ಬಿಗಿದ ಹಾಗೆ ಮುದುಡಿಕೊಂಡಿರುತ್ತಿತ್ತು, ಕಂಡಿದ್ದು ನನಗೊಬ್ಬಳಿಗೆ. ಈ ಸಲ ಯಲ್ಲಪ್ಪ ಕಾಕಾ ಬೆಲ್ಟು ಕೈಗೆ ತೆಗೆದುಕೊಂಡವನು ಉಳಿ ಎತ್ತಲಿಲ್ಲ. ಹೆಬ್ಬೆರಳಿನಿಂದ ತೂತುಗಳನ್ನು ಸವರಿದ.

"ತಂಗೀ, ಇದು ನಾ ಮೊನ್ನಿ ಹೊಡದ ತೂತಲ್ಲೇನು?"

"ಹೂಂ. ಅದರ ಮುಂದಿನದು ಹೊಡಿ."

"ನಿಮ್ಮಣ್ಣ ಉಪಾಸ ಗಿಪಾಸ ಹಿಡದಾನೇನು?"

"ಅವ ಯಾಕ ಉಪಾಸ ಮಾಡ್ತಾನ? ಪೈಲ್ವಾನರಂಗ ಉಣ್ತಾನ."

"ಪೈಲ್ವಾನರ ಪಟ್ಟಾ ಹೊರಗ ಹೊರಗ ಹೋಗ್ತೈತವ್ವ, ಇದ್ಯಾಕ ಒಳಗ ಒಳಗ ಬರಾಕತ್ತೈತಿ? ಅವನ್ನ ಒಮ್ಮೆ ಕಳಸು, ನೋಡ್ತೇನಿ. ಇಲ್ಲಾ ನಿಮ್ಮಪ್ಪಗ ಹೇಳು."

ಈಗ ನನ್ನ ತಲೆಯಲ್ಲಿ ಏನು ನಡೆಯಿತು ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅಪ್ಪ ನನಗೆ ಕಲಿಸಿದ ಮೊದಲ ಪಾಠ: ಮಾರುವವನು ನಿನ್ನ ಮನೆಯ ಸುದ್ದಿ ಕೇಳತೊಡಗಿದ ಅಂದರೆ ಬೆಲೆ ಏರಿಸುತ್ತಾನೆ ಎಂದು ತಿಳಿ. ಯಲ್ಲಪ್ಪ ಕಾಕಾ ಕೇಳುತ್ತಿರುವುದೂ ಅದೇ ಎಂದುಕೊಂಡೆ. ಒಂದಾಣೆಯ ಕೆಲಸಕ್ಕೆ ಎರಡಾಣೆ ಕೇಳಲು ದಾರಿ ಹುಡುಕುತ್ತಿದ್ದಾನೆ, ನಾನು ಸಿಕ್ಕಿಬೀಳಬಾರದು. ಮಾತು ತಿರುಗಿಸಿದೆ.

"ಅದೆಲ್ಲಾ ಬಿಡು ಕಾಕಾ. ಮೂರು ಒಮ್ಮೆಲೆ ಹೊಡದ್ರ ಎಷ್ಟು ತಗೋತಿ?"

"ಮೂರು ಯಾಕ ಬೇಕು ನಿನಗ?"

"ಮತ್ತ ಮತ್ತ ಬರೋದು ತಪ್ಪತೈತಿ. ಮೂರಕ್ಕ ಎರಡಾಣೆ. ಒಲ್ಲೆ ಅಂದ್ರ ಬಂಕಾಪುರದಾಗ ಹೊಡಸ್ತೇನಿ."

ಅವನು ಉಳಿ ಕೈಗೆತ್ತಿಕೊಂಡ. "ತೂತು ಸಗಟು ಕೇಳಿದವರನ್ನ ಇವತ್ತ ಮೊದಲ ನೋಡಿದ್ದವ್ವ" ಅಂದ. ಹೊಡೆದು ಕೊಟ್ಟ, ಒಂದರ ಮುಂದೆ ಒಂದು, ಮೂರು. ನನ್ನ ಹತ್ತಿರ ಅಣ್ಣ ಕೊಟ್ಟ ಒಂದಾಣೆ ಇತ್ತು, ಇನ್ನೊಂದು ನನ್ನ ಸ್ವಂತದ್ದು ಹಾಕಿದೆ. ಲಾಭದ ವ್ಯಾಪಾರಕ್ಕೆ ಬಂಡವಾಳ ಹಾಕಲೇಬೇಕಲ್ಲ. ಕುಣಿಯುತ್ತ ಮನೆಗೆ ಬಂದೆ. ಅಣ್ಣ ಬೆಲ್ಟು ಹಿಡಿದು ನೋಡಿ ನಕ್ಕ.

"ಏ ಹುಚ್ಚಿ, ಮೂರು ಯಾಕ?"

"ಸಸ್ತಾ ಬಿತ್ತಣ್ಣ. ಒಂದಾಣೆ ಉಳೀತು."

ನಗುತ್ತಲೇ ಅವನು ಆ ಕೊನೆಯ ತೂತಿನೊಳಗೆ ಕಿರುಬೆರಳ ತುದಿ ಇಟ್ಟು ನೋಡಿದ. "ಇಲ್ಲೀತನಕ ಬರಂಗಿಲ್ಲ ಬಿಡು" ಅಂದ.

ಕಾರಹುಣ್ಣಿಮೆಯ ಹಿಂದಿನ ವಾರ ಗೂಟದ ಮೇಲಿನ ಬೆಲ್ಟಿನಲ್ಲಿ ಬಕ್ಕಲಿನ ಗೆರೆ ಆ ಕೊನೆಯ ತೂತಿನ ಮೇಲೆ ಬಿದ್ದಿತ್ತು. ನಾನು ನೋಡಿದೆ. ಇನ್ನು ಮುಂದೆ ತೂತು ಬೇಕಾದರೆ ಬೆಲೆ ಎಷ್ಟಾದೀತು ಎಂದು ಯೋಚಿಸಿದೆ. ಇಷ್ಟೇ ಯೋಚಿಸಿದ್ದು.

ಕಾರಹುಣ್ಣಿಮೆ ಆಗಿ ಎರಡು ದಿನಕ್ಕೆ ಅಣ್ಣ ಶಿಗ್ಗಾವಿಯಲ್ಲಿ ಬಸ್ಸು ಇಳಿಯುವಾಗಲೇ ಕುಸಿದುಬಿದ್ದ. ಕಚೇರಿಯವರು ಒಂದು ಲಾರಿ ಹಿಡಿದು ಅವನನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದು ನಮಗೆ ಆಳು ಕಳಿಸಿದರು. ಅಪ್ಪ, ಅವ್ವ, ನಾನು ಮೂವರೂ ಹೋದೆವು. ಅಪ್ಪ-ಅವ್ವ ಇಬ್ಬರಿಗೂ ಓದಲು ಬರುತ್ತಿರಲಿಲ್ಲ, ಬೋರ್ಡು ಓದಲೆಂದು ನಾನು. ಅಣ್ಣನಿಗೆ ಎಚ್ಚರವಿರಲಿಲ್ಲ. ಓಡಿ ಬಂದವನ ಹಾಗೆ ಆಳವಾಗಿ, ಜೋರಾಗಿ ಉಸಿರಾಡುತ್ತಿದ್ದ. ಹತ್ತಿರ ಬಗ್ಗಿದರೆ ಉಸಿರಿಗೆ ಮಾಗಿ ಒಡೆದ ಹಣ್ಣಿನ ವಾಸನೆ. ಅಂಗಿ ಬಿಚ್ಚಿದ್ದರು. ಎಷ್ಟೋ ತಿಂಗಳ ಮೇಲೆ ಹಗಲಿನ ಬೆಳಕಿನಲ್ಲಿ ಅವನ ಮೈ ನೋಡಿದೆವು. ಅವ್ವ ಗೋಡೆ ಹಿಡಿದು ಕೂತಳು. ಡಾಕ್ಟರು ಒಂದು ಗಾಜಿನ ನಳಿಗೆಯಲ್ಲಿ ನೀಲಿ ನೀರು ತಂದು ತೋರಿಸಿದರು. ಅದೇ ನೀರಿಗೆ ಅಣ್ಣನ ಮೂತ್ರ ಹಾಕಿ ಕಾಯಿಸಿದ ಇನ್ನೊಂದು ನಳಿಗೆ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿತ್ತು. ಸಿಹಿಮೂತ್ರ ರೋಗ ಅಂದರು. ವಯಸ್ಸಾದವರಿಗಷ್ಟೇ ಅಲ್ಲ, ಇಂಥ ಹುಡುಗರಿಗೂ ಬರುತ್ತದೆ, ತಿಂದ ಅನ್ನ ಮೈಗೆ ಹತ್ತದೆ ಸಕ್ಕರೆಯಾಗಿ ಹರಿದು ಹೋಗುತ್ತದೆ ಎಂದರು. ಆಮೇಲೆ ಅವ್ವನ ಕಡೆ ತಿರುಗಿದರು.

"ಅವ್ವಾ, ಇವರ ಊಟ ಎಷ್ಟಿತ್ತು?"

"ಉಣ್ತಿದ್ದನ್ರಿ, ಚಲೋ ಉಣ್ತಿದ್ದ."

"ಎಷ್ಟು ರೊಟ್ಟಿ?"

"ಎಣಿಸಬಾರದ್ರಿ. ನಾ ಎಣಿಸಿಲ್ಲ."

"ರೊಟ್ಟಿ ಬಡದವರು ನೀವು. ಗೊತ್ತಿರ್ತೈತಿ. ಹೇಳ್ರಿ."

ಅವ್ವ ಸೆರಗಿನೊಳಗೆ ಮುಖ ಮುಚ್ಚಿಕೊಂಡು ಹೇಳಿದಳು.

"ಹತ್ತು."

ದಿನಾ ಎಣಿಸಿದ್ದಳು. ದಿನಾ ಒಳಗೇ ಇಟ್ಟುಕೊಂಡಿದ್ದಳು. ಮಂಚದ ಕೆಳಗೆ ಅಣ್ಣನ ಬಟ್ಟೆಯ ಗಂಟು ಇತ್ತು, ಅದರ ಮೇಲೆ ಸುರುಳಿ ಸುತ್ತಿದ ಬೆಲ್ಟು. ನಾನು ಅದನ್ನು ಎತ್ತಿ ಡಾಕ್ಟರ ಕೈಗೆ ಕೊಟ್ಟೆ. ಅವರು ಬೆಲ್ಟನ್ನು ಬಿಚ್ಚಿ, ಹುಟ್ಟಾ ತೂತು ಯಾವುವು, ಆಮೇಲೆ ಹೊಡೆದವು ಯಾವುವು ಎಂದು ಬೆರಳಿಟ್ಟು ನೋಡಿದರು. ಯಾವಾಗಿನಿಂದ ಎಂದು ಕೇಳಿದರು. ಎಳ್ಳಮಾಸಿಯಿಂದ ಅಂದೆ. "ಈ ತೂತು ಹೊಡಸೋ ಮುಂದ ಕರಕೊಂಡು ಬಂದಿದ್ರ ಸೂಜಿ ಹಾಕಿ ಉಳಸ್ತಿದ್ವಿ" ಎಂದು, ಬೈಯುವ ದನಿಯಲ್ಲಲ್ಲ, ದಣಿದವರ ದನಿಯಲ್ಲಿ ಅಂದರು. ಅವರ ಬೆರಳು ಇದ್ದದ್ದು ಆ ಮೂರರಲ್ಲಿ ಮೊದಲನೆಯದರ ಮೇಲೆ. ಸೂಜಿ ಹಾಕಿದರು. ಎರಡನೆಯ ದಿನ ಮಧ್ಯಾಹ್ನ ಅಣ್ಣನ ಉಸಿರು ಮೆಲ್ಲಗಾಯಿತು. ಸುಧಾರಿಸುತ್ತಿದ್ದಾನೆ ಎಂದು ಅವ್ವ ನನ್ನ ಕೈ ಹಿಡಿದಳು. ಆಮೇಲೆ ನಿಂತಿತು. ಅವನಿಗೆ ಇಪ್ಪತ್ಮೂರು.

ಮಣ್ಣು ಮಾಡಿ ಬಂದ ಮೇಲೆ ಮನೆಗೆ ಜನ ಬಂದರು, ಹೋದರು. ಖಾದರ್‌ಸಾಬರು ಬಂದು ಕಟ್ಟೆಯ ಮೇಲೆ ಕೂತರು. ಕೆಂಪು ರಟ್ಟಿನ ವಹಿ ತಂದಿದ್ದರು, ಯಾಕೆ ತಂದರೋ. ಅಪ್ಪನ ಮುಂದೆ ಆ ಪುಟ ತೆಗೆದಿಟ್ಟು, "ಮೂವತ್ತು ಬರದೇನ್ರಿ ನಾನು. ಒಮ್ಮೆ ನನ್ನ ಹತ್ರ ಬಂದಿದ್ರ ಟೇಪು ಹೇಳ್ತಿತ್ತು. ಆ ಪಟ್ಟಾ ಟೇಪಿನ ಬಾಯಿ ಮುಚ್ಚಿಸ್ತು" ಎಂದು ಅತ್ತರು. ಯಲ್ಲಪ್ಪ ಕಾಕಾನೂ ಬಂದು ದೂರ ನಿಂತಿದ್ದ. ನನ್ನನ್ನು ಕಂಡು ಏನಾದರೂ ಅಂದರೆ ಸಾಕಿತ್ತು, ಹಾಗೇ ಹೊರಟುಹೋದ. ಹದಿನೈದು ದಿನದ ಮೇಲೆ ನಾನೇ ಬೇವಿನ ಗಿಡದ ಹತ್ತಿರ ಹೋಗಿ ನಿಂತೆ. ಅವನು ಚಪ್ಪಲಿಯಿಂದ ಕಣ್ಣೆತ್ತದೆ ಅಂದ:

"ನೀ ಸಣ್ಣಾಕಿ, ಬೆಲಿ ಕೇಳಿದಿ. ನಾ ದೊಡ್ಡಾಂವ, ಬೆಲಿ ತಗೊಂಡು ಹೊಡದೆ. ಯಾರದು ತಪ್ಪಂತಿ?"

ನಾನು ಮನೆಗೆ ತಿರುಗಿದೆ. ಆ ಲೆಕ್ಕ ಇವತ್ತಿಗೂ ಬಗೆಹರಿದಿಲ್ಲ.

ಸತ್ತವರ ಬಟ್ಟೆ ಕೊಟ್ಟುಬಿಡುವುದು ಪದ್ಧತಿ. ಪ್ಯಾಂಟು, ಅಂಗಿ, ಧೋತರ ಎಲ್ಲ ಹೋದವು. ಬೆಲ್ಟನ್ನು ದವಾಖಾನೆಯಿಂದ ತಂದ ದಿನ ನಾನೇ ಮರಳಿ ಗೂಟಕ್ಕೆ ಹಾಕಿದ್ದೆ. ಒಂದು ಮುಂಜಾನೆ ಅಪ್ಪ ಕಟ್ಟೆಯ ಮೇಲೆ ನಿಂತು ಅದನ್ನು ನೋಡುತ್ತಿದ್ದವನು, ಗೂಟದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲು ದಾಟಿ ಒಳಗೆ ಬಂದ. ದೇವರ ಗೂಡಿನ ಮುಂದೆಯೇ ಹಾಯ್ದು ಬಂದ. ಅವ್ವ ನೋಡಿ ದಾರಿ ಬಿಟ್ಟಳು. ಎಲೆ ಕೋಣೆಯಲ್ಲಿ ಕೂತು, ಬೆಲ್ಟಿನ ಬಕ್ಕಲನ್ನು ಕೊನೆಯ ತೂತಿಗೆ ಸಿಕ್ಕಿಸಿ ನೆಲದ ಮೇಲೆ ಇಟ್ಟ. ಆ ಬಳೆಯಂಥ ಉರುಟಿನ ಸುತ್ತ ತನ್ನ ಎರಡೂ ಅಂಗೈ ಇಟ್ಟು ಹಿಡಿದ. ಎಲೆಯ ಕಟ್ಟಿನಲ್ಲಿ ಎರಡು ಕಡಿಮೆಯಾದರೆ ಹೇಳುತ್ತಿದ್ದ ಕೈ. ಹಿಡಿದೇ ಕೂತ. ಬಾಗಿಲಲ್ಲಿ ನಾನು ನಿಂತಿದ್ದೆ.

"ಇವನ್ನ ಯಾರು ಹೊಡಿಸಿದ್ರು?"

"ನಾನಪ್ಪಾ."

"ಎಷ್ಟಕ್ಕ?"

"ಮೂರಕ್ಕ ಎರಡಾಣೆ."

ಅಪ್ಪನ ಬಾಯಿಂದ ರೂಢಿಯ ಮೇಲೆ ಆ ಮಾತು ಹೊರಬಿದ್ದುಬಿಟ್ಟಿತು.

"ಚಲೋ ಮಾಡೀದಿ."

ಅಂದವನೇ ತನ್ನ ಬಾಯಿಯ ಮೇಲೆ ತಾನೇ ಕೈಯಿಟ್ಟುಕೊಂಡ. ಅವನು ಅಳುವುದನ್ನು ನಾನು ಅವತ್ತು ಮೊದಲ ಸಲ ನೋಡಿದೆ, ದವಾಖಾನೆಯಲ್ಲಿ ಕೂಡ ಅತ್ತಿರಲಿಲ್ಲ. ಅದರ ಮೇಲೆ ಇಪ್ಪತ್ತು ವರ್ಷ ಬದುಕಿದ. ನಾನು ಸಂತೆಗೆ ಹೋದೆ, ವ್ಯಾಪಾರ ಮಾಡಿದೆ, ಬಂಗಾರ ಕೊಂಡೆ, ಹಾನಗಲ್ಲಿನಲ್ಲಿ ಅಂಗಡಿಯ ಜಾಗ ಅರ್ಧ ಬೆಲೆಗೆ ಹಿಡಿದೆ. ಅಪ್ಪ ಬಂದು ಅಂಗಡಿ ನೋಡಿದ, ಕೂತ, ಚಹಾ ಕುಡಿದ. ಯಾವುದಕ್ಕೂ ಎಷ್ಟಕ್ಕೆ ತಂದಿ ಎಂದು ಕೇಳಲಿಲ್ಲ. ಬೆಲ್ಟು ಎಲೆ ಕೋಣೆಯ ಥಂಡಿಗೆ ಎರಡೇ ಮಳೆಗಾಲದಲ್ಲಿ ಬೂಸು ಹಿಡಿದು ಕೊಳೆಯಿತು. ಬಕ್ಕಲು ಮಾತ್ರ ಉಳಿದಿದೆ, ನನ್ನ ಹಣದ ಗಲ್ಲೆಯಲ್ಲಿ ಚೀಟಿಗಳ ಮೇಲೆ ಭಾರಕ್ಕೆ ಇಟ್ಟಿದ್ದೇನೆ. ಬಣ್ಣ ಏಳುವುದಿಲ್ಲ ಎಂದು ಅವತ್ತೇ ಹೇಳಿದ್ದೆನಲ್ಲ.

ಈಗ ಅಂಗಡಿಯಲ್ಲಿ ನೀವು ದಿನಾ ಕೇಳುವುದಕ್ಕೆ ಬರುತ್ತೇನೆ. ಗಂಡಸರಿಗೆ ಪ್ಯಾಂಟಿನ ಮೇಲೆ ಬೆಲ್ಟು ಬೇಕೋ ಬೇಡವೋ? ಚೆಂದಕ್ಕೆ ಕಟ್ಟುವವರು ಕಟ್ಟಿರಿ, ನನ್ನದೇನು ತಕರಾರಿಲ್ಲ. ಕೊಳ್ಳುವಾಗ ಮಡಚಿ ನೋಡಿರಿ, ಬಕ್ಕಲು ಕೆರೆದು ನೋಡಿರಿ, ನಡುವಿನ ತೂತಿಗೆ ಸರಿಯಾಗಿ ಕೂಡುವುದನ್ನೇ ಆರಿಸಿರಿ. ಆದರೆ ಪ್ಯಾಂಟನ್ನು ನಿಲ್ಲಿಸಲು ಬೆಲ್ಟು ಕೊಳ್ಳಬೇಡಿರಿ. ಗುಂಡಿ ಹಾಕಿದ ಮೇಲೆ ಎರಡು ಬೆರಳು ಒಳಗೆ ಹೋಗಬೇಕು, ಕೂತರೆ ಒತ್ತಬಾರದು, ಅಷ್ಟು ಸಾಕು. ಸಡಿಲವಾದರೆ ದರ್ಜಿಯ ಹತ್ತಿರ ಹೋಗಿರಿ, ಅವನು ಟೇಪು ಹಿಡಿದು ಅಳತೆಯನ್ನು ಗಟ್ಟಿಯಾಗಿ ಓದಲಿ, ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಕೇಳಲಿ. ನಿಮ್ಮ ಮನೆಯ ಗಂಡಸು ಬೆಲ್ಟಿಗೆ ಒಳಗಿನ ಕಡೆ ಹೊಸ ತೂತು ಬೇಕೆಂದರೆ ಬೆಲೆ ಕೇಳುತ್ತ ನಿಲ್ಲಬೇಡಿರಿ. ನೀರು ಎಷ್ಟು ಕುಡಿಯುತ್ತಾನೆ, ಎಷ್ಟು ಸಲ ಬಚ್ಚಲಿಗೆ ಏಳುತ್ತಾನೆ ಎಂದು ಕೇಳಿರಿ, ಕೇಳಿ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಮತ್ತೆ ಮನೆಯಲ್ಲಿ ಉಣ್ಣಲು ಕೂತವರ ರೊಟ್ಟಿ ಎಣಿಸಿರಿ. ಬಾಯಿಬಿಟ್ಟು ಎಣಿಸಿರಿ. ದೃಷ್ಟಿಯಾದರೆ ಉಪ್ಪು, ಮೆಣಸಿನಕಾಯಿ ಇಳಿಸಿದರಾಯಿತು.